ಕೋಟೆಯ ಕಲ್ಲು, ಕೋಟೆಯ ಮಣ್ಣು

(ಸಾಕ್ಷರತಾ ಕೇಂದ್ರದ ಓದುಗರ ಕೂಟದಲ್ಲಿ ಶಾಲಾ ಶಿಕ್ಷಕಿಯೊಬ್ಬರು ಮಾಡಿದ ಭಾಷಣ)



ಇವತ್ತು ಪಾಠ ಇಲ್ಲ. ಪಾಟಿ, ಪುಸ್ತಕ ಬದಿಗೆ ಇಡಿ. ನಮ್ಮ ಬೀದರ ಕೋಟೆಯ ಬಗ್ಗೆ ನಾಲ್ಕು ಮಾತು ಆಡೋಣ.

"ಕೋಟೆ ಬಗ್ಗೆ ಹೇಳೋದು ಏನದ ಟೀಚರ್, ದಿನಾ ನೋಡ್ತೀವಲ್ಲ" ಅಂತ ನೀವು ಅನ್ನಬಹುದು. ಹೌದು, ನೋಡುತ್ತೇವೆ. ಸಂತೆಗೆ ಹೋಗುವಾಗ ನೋಡುತ್ತೇವೆ. ದವಾಖಾನೆಗೆ ಹೋಗುವಾಗ ನೋಡುತ್ತೇವೆ. ಆದರೆ ಬಾಗಿಲು ದಾಟಿ ಒಳಗೆ ಹೋದವರು ಎಷ್ಟು ಮಂದಿ? ಕೈ ಎತ್ತಿ ನೋಡೋಣ. ಐದಾರು ಕೈ ಮಾತ್ರ ಕಾಣುತ್ತಿವೆ. ದೂರದ ದೇಶಗಳಿಂದ ಜನ ವಿಮಾನ ಹತ್ತಿ ಬಂದು ನೋಡುವ ಕೋಟೆ ಇದು. ನಾವು ಇಲ್ಲೇ ಇದ್ದೂ ಒಳಗೆ ಕಾಲಿಟ್ಟಿಲ್ಲ. ಇರಲಿ, ಅದಕ್ಕೇ ಈ ಮಾತು.

ಕೋಟೆ ಯಾರದು? "ರಾಜರದು" ಅಂತ ಮಕ್ಕಳು ಹೇಳುತ್ತಾರೆ. ಕಟ್ಟಿಸಿದವರು ರಾಜರು ನಿಜ. ಬಹಮನಿ ಸುಲ್ತಾನರು ಅಂತ ಇದ್ದರು. ಅವರ ರಾಜ್ಯ 1347 ರಲ್ಲಿ ಶುರುವಾಯಿತು. ಮೊದಲು ಅವರ ರಾಜಧಾನಿ ಕಲಬುರಗಿ. ಆಮೇಲೆ ಅಹಮದ್ ಷಾ ಎಂಬ ಸುಲ್ತಾನ ರಾಜಧಾನಿಯನ್ನು ಬೀದರಕ್ಕೆ ತಂದ. 1430 ರ ಆಸುಪಾಸಿನಲ್ಲಿ ಈಗಿನ ಕೋಟೆ ಎದ್ದು ನಿಂತಿತು. ಅದಕ್ಕೂ ಮೊದಲು ಇಲ್ಲಿ ಹಳೆಯ ಕೋಟೆ ಒಂದು ಇತ್ತು. ಅದನ್ನೇ ದೊಡ್ಡದು ಮಾಡಿ ಹೊಸದಾಗಿ ಕಟ್ಟಿಸಿದರು.

ಬೀದರವನ್ನೇ ಯಾಕೆ ಆರಿಸಿದರು? ಜಾಗ ನೋಡಿದರೆ ತಿಳಿಯುತ್ತದೆ. ನಮ್ಮ ಊರು ಎತ್ತರದ ಬಯಲಿನ ಅಂಚಿನಲ್ಲಿ ಇದೆ. ಅಂಚಿನಿಂದ ಆಚೆ ಕೆಳಗೆ ಇಳಿಜಾರು. ಕೋಟೆಯ ಗೋಡೆ ಹತ್ತಿ ನಿಂತರೆ ಬಹಳ ದೂರದ ತನಕ ಕಾಣುತ್ತದೆ. ವೈರಿ ಬಂದರೆ ದೂರದಲ್ಲೇ ಗೊತ್ತಾಗುತ್ತದೆ. ಗಾಳಿ ಒಳ್ಳೆಯದು, ನೀರೂ ಇತ್ತು. ಊರ ಕಡೆ ಮಾತ್ರ ನೆಲ ಸಮತಟ್ಟು. ಆ ಕಡೆಯಿಂದ ವೈರಿ ಸುಲಭವಾಗಿ ಬರಬಹುದು. ಅದಕ್ಕೇ ಅಲ್ಲಿ ಕಂದಕ ತೋಡಿದರು. ಒಂದಲ್ಲ, ಸಾಲಾಗಿ ಮೂರು ಕಂದಕ! ಮಣ್ಣು ಅಗೆದು ಮಾಡಿದ್ದಲ್ಲ ನೋಡ್ರಿ, ಬಂಡೆಯನ್ನೇ ಕಡಿದು ಮಾಡಿದ್ದು. ಮೂರು ಕಂದಕದ ನಡುವೆ ಇರುವ ಎರಡು ಗೋಡೆ ಕಟ್ಟಿದ ಗೋಡೆ ಅಲ್ಲ. ಅದೂ ಬಂಡೆಯೇ. ಕಡಿಯುವಾಗ ಅಷ್ಟನ್ನು ಬಿಟ್ಟು ಉಳಿದದ್ದನ್ನು ತೆಗೆದಿದ್ದಾರೆ.

ಈಗ ಯೋಚನೆ ಮಾಡಿ. ಆಗ ಯಂತ್ರ ಇರಲಿಲ್ಲ. ಸುತ್ತಿಗೆ, ಉಳಿ, ಹಾರೆ, ಬುಟ್ಟಿ, ಇಷ್ಟೇ. ಆ ಬಂಡೆ ಕಡಿದವರು ಯಾರು? ಆ ಕಲ್ಲು ಹೊತ್ತವರು ಯಾರು? ಸುಣ್ಣ ಅರೆದವರು ಯಾರು? ನಮ್ಮಂಥ ಮಂದಿಯೇ. ಒಡ್ಡರು, ಕಲ್ಲುಕುಟಿಗರು, ಕಮ್ಮಾರರು, ಬಡಗಿಗಳು, ಕೂಲಿ ಹೆಣ್ಣುಮಕ್ಕಳು. ಸುಲ್ತಾನನ ಹೆಸರು ಪುಸ್ತಕದಲ್ಲಿ ಉಳಿಯಿತು. ಇವರ ಹೆಸರು ಎಲ್ಲೂ ಇಲ್ಲ. ರಷ್ಯಾ ದೇಶದ ನಿಕಿತಿನ್ ಎಂಬ ವ್ಯಾಪಾರಿ ಸುಮಾರು 550 ವರ್ಷದ ಹಿಂದೆ ಬೀದರಕ್ಕೆ ಬಂದಿದ್ದ. ಕಂಡದ್ದನ್ನು ಬರೆದಿಟ್ಟ. ಇಲ್ಲಿಯ ಸರದಾರರು ಬಹಳ ಶ್ರೀಮಂತರು, ಹಳ್ಳಿಯ ಜನ ಬಹಳ ಬಡವರು ಅಂತ ಅವನೇ ಬರೆದಿದ್ದಾನೆ. ಹಾಗಾಗಿ ಕೋಟೆ ನೋಡುವಾಗ ಸುಲ್ತಾನನನ್ನಷ್ಟೇ ನೆನೆಯುವುದು ನನಗೆ ಸರಿ ಕಾಣುವುದಿಲ್ಲ. ನಮ್ಮ ಮುತ್ತಜ್ಜಂದಿರ ಬೆವರು ಅಲ್ಲಿದೆ. ಕೋಟೆ ಅವರದು. ಅಂದ ಮೇಲೆ ನಮ್ಮದೂ ಹೌದು.

ಕೋಟೆಗೆ ಏಳು ಬಾಗಿಲು. ಸುತ್ತ 37 ಬುರುಜು. ಮುಂದಿನ ಬಾಗಿಲುಗಳಲ್ಲಿ ಒಂದರ ಹೆಸರು ಶರ್ಜಾ ದರವಾಜಾ. ಅದರ ಮೇಲೆ ಕಲ್ಲಿನಲ್ಲಿ ಎರಡು ಹುಲಿ ಕೆತ್ತಿದ್ದಾರೆ. 1503 ರಲ್ಲಿ ಕಟ್ಟಿದ ಬಾಗಿಲು ಅದು. ಒಳಗೆ ಹೋದರೆ ರಂಗೀನ್ ಮಹಲ್ ಇದೆ. ರಂಗೀನ್ ಅಂದರೆ ಬಣ್ಣದ್ದು. ಅಲ್ಲಿಯ ಮರದ ಕಂಬಗಳ ಕೆತ್ತನೆ ನೋಡಬೇಕು. ನಮ್ಮ ಹಳ್ಳಿಯ ಹಳೇ ವಾಡೆಗಳಲ್ಲಿ ಬಡಗಿ ಮಾಡಿದ ಕೆತ್ತನೆಯ ಹಾಗೇ ಇದೆ. ಅದರ ಹಿಂದೆ ಕರಿಕಲ್ಲಿನಲ್ಲಿ ಮುತ್ತಿನ ಚಿಪ್ಪು ಕೂರಿಸಿ ಮಾಡಿದ ಬಳ್ಳಿಗಳು. ಗೋಡೆಗೆ ಬಣ್ಣದ ಹೆಂಚಿನ ಬಿಲ್ಲೆಗಳು. ಈ ಬಿಲ್ಲೆ ಕೆಲಸ ಇರಾನಿನಿಂದ ಬಂದ ವಿದ್ಯೆ. ಮರದ ಕೆಲಸ ಈ ನೆಲದ ವಿದ್ಯೆ. ಎರಡೂ ಒಂದೇ ಕೋಣೆಯಲ್ಲಿ ಜಗಳ ಇಲ್ಲದೆ ಕೂತಿವೆ.

ಹದಿನಾರು ಕಂಬದ ಮಸೀದಿ ಇದೆ, ಸೋಲಾ ಖಂಬ್ ಅಂತಾರೆ. ತಖ್ತ್ ಮಹಲ್ ಇದೆ, ಅದು ಸಿಂಹಾಸನದ ಅರಮನೆ. ಹಳೆಯ ಸ್ನಾನದ ಮನೆಯಲ್ಲಿ ಈಗ ವಸ್ತು ಸಂಗ್ರಹಾಲಯ ಇದೆ. ಎಲ್ಲ ಹೇಳುತ್ತಾ ಹೋದರೆ ರಾತ್ರಿ ಆಗುತ್ತದೆ. ನೀವೇ ಹೋಗಿ ನೋಡಿ.

ಅಹಮದ್ ಷಾನ ಸಮಾಧಿ ಅಷ್ಟೂರಿನಲ್ಲಿ ಇದೆ. ಅದು ನಿಮಗೆಲ್ಲ ಗೊತ್ತು, ಉರುಸಿಗೆ ಹೋಗುತ್ತೀರಿ. ಮುಸಲ್ಮಾನರು ಅವನನ್ನು ವಲಿ ಅಂತಾರೆ. ಲಿಂಗಾಯತರು ಅಲ್ಲಮಪ್ರಭು ಅಂತ ನಡೆದುಕೊಳ್ಳುತ್ತಾರೆ. ಒಂದೇ ಗೋರಿ, ಎರಡು ಹೆಸರು. ಇದನ್ನು ಯಾವ ಸರಕಾರವೂ ಹೇಳಿಕೊಟ್ಟದ್ದಲ್ಲ. ಜನ ತಾವೇ ಮಾಡಿಕೊಂಡದ್ದು.

ಇನ್ನೊಂದು ಕತೆ ಹೇಳುತ್ತೇನೆ. ಇದು ಕೋಟೆಯ ಒಳಗಿನದಲ್ಲ, ಊರೊಳಗಿನದು. ಆದರೂ ಅಕ್ಷರ ಕಲಿಯುವವರು ಕೇಳಬೇಕಾದ ಕತೆ. ಬಹಮನಿ ಸುಲ್ತಾನರ ಹತ್ತಿರ ಮಹಮೂದ್ ಗವಾನ್ ಎಂಬ ಮಂತ್ರಿ ಇದ್ದ. ಇರಾನಿನಿಂದ ಬಂದವನು. ಬಹಳ ಓದಿದವನು. 1472 ರಲ್ಲಿ ಬೀದರದಲ್ಲಿ ದೊಡ್ಡ ಮದರಸಾ ಕಟ್ಟಿಸಿದ. ಮದರಸಾ ಅಂದರೆ ಶಾಲೆ. ಅದರಲ್ಲಿ 3000 ಪುಸ್ತಕ ಇದ್ದವು ಅಂತ ಹೇಳುತ್ತಾರೆ. ಆಗ ಅಚ್ಚಿನ ಪುಸ್ತಕ ಇರಲಿಲ್ಲ. ಎಲ್ಲ ಕೈಯಲ್ಲೇ ಬರೆದದ್ದು!

ಅವನನ್ನು ಕಂಡರೆ ಆಗದವರು ದರಬಾರಿನಲ್ಲಿ ಇದ್ದರು. ಅವರು ಏನು ಮಾಡಿದರು? ಅವನ ಮುದ್ರೆ ಇಟ್ಟುಕೊಂಡಿದ್ದವನನ್ನು ಒಳಗೆ ಹಾಕಿಕೊಂಡರು. ಖಾಲಿ ಕಾಗದಕ್ಕೆ ಅವನ ಮುದ್ರೆ ಒತ್ತಿಸಿದರು. ಆಮೇಲೆ ಆ ಕಾಗದದ ಮೇಲೆ, ವೈರಿ ರಾಜನಿಗೆ ಗವಾನನೇ ಬರೆದ ಹಾಗೆ ಪತ್ರ ಬರೆದರು. ಸುಲ್ತಾನ ಅದನ್ನು ನಂಬಿದ. 1481 ರಲ್ಲಿ ಗವಾನನ ತಲೆ ತೆಗೆಸಿದ. ಆಮೇಲೆ ಸುಳ್ಳು ಗೊತ್ತಾಯಿತು. ಏನು ಬಂತು? ಹೋದ ಜೀವ ಬರಲಿಲ್ಲ. ಅಷ್ಟು ಓದಿದ ಮಂತ್ರಿಗೇ ಖಾಲಿ ಕಾಗದ ಮುಳುವಾಯಿತು. ಸಾಲ ಕೊಡುವವರು ಖಾಲಿ ಕಾಗದಕ್ಕೆ ಹೆಬ್ಬೆಟ್ಟು ಕೇಳಿದರೆ ನಾವು ಏನು ಮಾಡಬೇಕು, ನೀವೇ ಹೇಳ್ರಿ.

ಆ ಮದರಸಾ ಈಗ ಅರ್ಧ ಮಾತ್ರ ನಿಂತಿದೆ. 1696 ರಲ್ಲಿ ಅಲ್ಲಿ ಮದ್ದು ಸಿಡಿದು ಕಟ್ಟಡದ ಒಂದು ಭಾಗ ಹಾರಿಹೋಯಿತು. ಶಾಲೆಯ ಕಟ್ಟಡದಲ್ಲಿ ಬಂದೂಕಿನ ಮದ್ದು ಇಟ್ಟಿದ್ದರು. ಎಂಥ ಬುದ್ಧಿ! ಕೋಟೆಯ ಕತೆಯೂ ಅಷ್ಟೇ. ಔರಂಗಜೇಬ 1657 ರಲ್ಲಿ ಕೋಟೆಗೆ ಮುತ್ತಿಗೆ ಹಾಕಿದ್ದ. ಆಗ ಒಳಗಿದ್ದ ಮದ್ದಿಗೆ ಬೆಂಕಿ ತಗುಲಿತು. ಕೋಟೆ ಕಾಯುತ್ತಿದ್ದ ಸಿದ್ದಿ ಮರ್ಜಾನ್ ಸುಟ್ಟ ಗಾಯದಿಂದ ಸತ್ತ. ಕೋಟೆ ಕೈ ಬಿಟ್ಟಿತು. ಆಮೇಲೆ ಹೈದರಾಬಾದಿನ ನಿಜಾಮರ ಕಾಲ ಬಂತು. 1948 ರಲ್ಲಿ ಅದೂ ಮುಗಿಯಿತು. 1956 ರಲ್ಲಿ ಬೀದರ ಜಿಲ್ಲೆ ಕನ್ನಡ ರಾಜ್ಯಕ್ಕೆ ಸೇರಿತು. ಇಷ್ಟು ರಾಜರು ಬಂದರು, ಹೋದರು.

ಈಗ ಮಣ್ಣಿನ ಮಾತಿಗೆ ಬರೋಣ. ನಮ್ಮಲ್ಲಿ ಕೆಲವರ ಮನೆಯ ಒಲೆ ಉರಿಯುವುದು ಈ ಮಣ್ಣಿನಿಂದ.

ಬಿದ್ರಿ ಕೆಲಸ ಎಲ್ಲರಿಗೂ ಗೊತ್ತು. ಕರಿ ಬಣ್ಣದ ಹೂಜಿ, ತಟ್ಟೆ, ಡಬ್ಬಿ. ಅದರ ಮೇಲೆ ಬೆಳ್ಳಿಯ ಹೂ, ಬಳ್ಳಿ. ಆದರೆ ಆ ಕರಿ ಬಣ್ಣ ಹೇಗೆ ಬರುತ್ತದೆ ಅಂತ ಬೀದರದವರಲ್ಲೂ ಎಲ್ಲರಿಗೂ ಗೊತ್ತಿಲ್ಲ. ಅದು ಹಚ್ಚಿದ ಬಣ್ಣ ಅಲ್ಲ.

ಮೊದಲು ಸತು ಮತ್ತು ತಾಮ್ರ ಸೇರಿಸಿ ಕರಗಿಸುತ್ತಾರೆ. ಸತು ಹೆಚ್ಚು, ತಾಮ್ರ ಬಹಳ ಕಡಿಮೆ. ಸುಮಾರು 16 ಪಾಲು ಸತುವಿಗೆ 1 ಪಾಲು ತಾಮ್ರ. ಅದನ್ನು ಮಣ್ಣಿನ ಅಚ್ಚಿಗೆ ಸುರಿದು ಎರಕ ಹೊಯ್ಯುತ್ತಾರೆ. ಆರಿದ ಮೇಲೆ ಅರ ಹಾಕಿ ತಿಕ್ಕಿ ನುಣುಪು ಮಾಡುತ್ತಾರೆ. ಆಗ ಅದು ಬಿಳಿಚಿಕೊಂಡು ಕಾಣುತ್ತದೆ. ಅದರ ಮೇಲೆ ಗೆರೆ ಎಳೆದರೆ ಕಣ್ಣಿಗೆ ಹತ್ತುವುದಿಲ್ಲ. ಅದಕ್ಕೆ ಮೈಲುತುತ್ತದ ನೀರು ಸವರಿ ತಾತ್ಕಾಲಿಕವಾಗಿ ಕಪ್ಪು ಮಾಡುತ್ತಾರೆ. ಆಮೇಲೆ ಚೂಪಾದ ಮೊಳೆಯಿಂದ ಹೂ ಬಳ್ಳಿ ಬರೆಯುತ್ತಾರೆ. ಕಾಗದ ಇಟ್ಟು ನಕಲು ಮಾಡುವುದಿಲ್ಲ. ಕೈಯ ಅಂದಾಜು! ಬರೆದ ಗೆರೆಯನ್ನು ಸಣ್ಣ ಉಳಿಯಿಂದ ಕೊರೆದು, ಆ ಕೊರೆದ ಜಾಗದಲ್ಲಿ ಬೆಳ್ಳಿಯ ತಂತಿ ಇಟ್ಟು ಬಡಿಯುತ್ತಾರೆ. ಮತ್ತೆ ತಿಕ್ಕಿ ಸಾಪು ಮಾಡಿದಾಗ ಆ ತಾತ್ಕಾಲಿಕ ಕಪ್ಪು ಹೋಗುತ್ತದೆ. ಈಗ ಬೆಳ್ಳಿ ಯಾವುದು, ಸತು ಯಾವುದು ಅಂತ ಗೊತ್ತಾಗುವುದೇ ಇಲ್ಲ.

ಕೊನೆಯ ಕೆಲಸ ಕೋಟೆಯ ಮಣ್ಣಿನದು. ಹಳೆಯ ಕಟ್ಟಡದ ಒಳಗೆ, ಬಿಸಿಲು ಮಳೆ ಬೀಳದ ಜಾಗದಲ್ಲಿ ಇರುವ ಮಣ್ಣು ಬೇಕು. ಎಲ್ಲ ಮಣ್ಣೂ ಆಗುವುದಿಲ್ಲ. ಹಳೇ ಕೆಲಸಗಾರರು ಚಿಟಿಕೆ ಮಣ್ಣು ನಾಲಿಗೆಗೆ ಹಚ್ಚಿ ನೋಡುತ್ತಾರೆ. ರುಚಿಯಲ್ಲೇ ಇದು ಬರುತ್ತದೆ, ಇದು ಬರೋದಿಲ್ಲ ಅಂತ ಹೇಳುತ್ತಾರೆ. ಆ ಮಣ್ಣಿಗೆ ನವಸಾಗರ ಮತ್ತು ನೀರು ಸೇರಿಸುತ್ತಾರೆ. ವಸ್ತುವನ್ನು ಸ್ವಲ್ಪ ಬಿಸಿ ಮಾಡಿ ಈ ಮಣ್ಣು ಹಚ್ಚಿ ತಿಕ್ಕುತ್ತಾರೆ. ಸತು ತಾಮ್ರದ ಭಾಗ ಕಡುಗಪ್ಪು ಆಗುತ್ತದೆ. ಬೆಳ್ಳಿ ಮಾತ್ರ ಹಾಗೆಯೇ ಬೆಳ್ಳಗೆ ಹೊಳೆಯುತ್ತದೆ. ಮೇಲೆ ಎಣ್ಣೆ ಸವರಿದರೆ ಮುಗಿಯಿತು. ಒಂದು ಗಳಿಗೆಯ ಕೆಲಸ, ಆದರೆ ಅದಿಲ್ಲದೆ ಹಿಂದಿನ ವಾರಗಟ್ಟಲೆ ದುಡಿಮೆ ಕಾಣಿಸುವುದೇ ಇಲ್ಲ.

2006 ರಲ್ಲಿ ಬಿದ್ರಿಗೆ ಭೌಗೋಳಿಕ ಗುರುತು ಸಿಕ್ಕಿತು. ಬೇರೆ ಊರಿನವರು ಏನೋ ಮಾಡಿ ಅದಕ್ಕೆ ಬಿದ್ರಿ ಅಂತ ಹೆಸರಿಟ್ಟು ಮಾರುವ ಹಾಗಿಲ್ಲ ಅಂತ ಅದರ ಅರ್ಥ. 2023 ರಲ್ಲಿ ನಮ್ಮ ಊರಿನ ಬಿದ್ರಿ ಕಲಾವಿದ ಷಾ ರಶೀದ್ ಅಹಮದ್ ಖಾದ್ರಿ ಅವರಿಗೆ ಪದ್ಮಶ್ರೀ ಪ್ರಶಸ್ತಿ ಬಂತು. ಕೈಕೆಲಸದವರಿಗೆ ಅಷ್ಟು ದೊಡ್ಡ ಮರ್ಯಾದೆ ಸಿಕ್ಕಿತಲ್ಲ ಅಂತ ನನಗಂತೂ ಬಹಳ ಸಂತೋಷ ಆಯಿತು.

ಆದರೆ ಇಲ್ಲೊಂದು ಬಿಕ್ಕಟ್ಟು ಇದೆ. ಆ ಮಣ್ಣು ಹೊಸದಾಗಿ ಹುಟ್ಟುವುದಿಲ್ಲ. ಒಳ್ಳೆಯ ಮಣ್ಣು ಕಡಿಮೆ ಆಗುತ್ತಿದೆ ಎಂಬ ಚಿಂತೆ ಕೆಲಸಗಾರರಿಗೇ ಇದೆ. ಕಂಡ ಕಂಡಲ್ಲಿ ಅಗೆದರೆ ಗೋಡೆಯ ಬುಡ ಸಡಿಲ ಆಗುತ್ತದೆ. ಮಣ್ಣೇ ತೆಗೆಯಬೇಡಿ ಅಂದರೆ ಕೆಲಸ ನಿಲ್ಲುತ್ತದೆ. ನನ್ನ ಅಭಿಪ್ರಾಯ ಕೇಳುತ್ತೀರಾ? ಮಣ್ಣಿನ ಮೇಲೆ ಮೊದಲ ಹಕ್ಕು ಬಿದ್ರಿ ಕೆಲಸಗಾರರದು. ಎಲ್ಲಿ ತೆಗೆಯಬೇಕು, ಎಷ್ಟು ತೆಗೆಯಬೇಕು ಅಂತ ಇಲಾಖೆಯವರೂ ಕೆಲಸಗಾರರೂ ಕೂಡಿ ಕೂತು ತೀರ್ಮಾನ ಮಾಡಬೇಕು. ಉಳಿದ ನಾವು ಮನೆಯ ಅಂಗಳಕ್ಕೆ, ಹೂವಿನ ಕುಂಡಕ್ಕೆ ಅಂತ ಒಂದು ಬುಟ್ಟಿಯನ್ನೂ ಹೊರಬಾರದು.

ಕಲ್ಲಿನದೂ ಹಾಗೇ. ಹಳೇ ಕಾಲದಲ್ಲಿ ಮನೆ ಕಟ್ಟುವಾಗ ಬಿದ್ದ ಗೋಡೆಯ ಕಲ್ಲು ತರುತ್ತಿದ್ದರು. ಬಿದ್ದದ್ದು ತಾನೇ, ಯಾರಿಗೆ ನಷ್ಟ ಅಂತ. ನಷ್ಟ ಇದೆ. ಕಟ್ಟಡ ದುರಸ್ತಿ ಮಾಡುವಾಗ ಅದೇ ಕಲ್ಲು ಬೇಕು. ಬಿದ್ದ ಕಲ್ಲು ಅಲ್ಲೇ ಇದ್ದರೆ ಎತ್ತಿ ಕೂರಿಸಬಹುದು. ನಮ್ಮ ಹಟ್ಟಿಯ ಗೋಡೆ ಸೇರಿದರೆ ಎಲ್ಲಿಂದ ತರುವುದು? ನಿಜಾಮರ ಕಾಲದಲ್ಲಿ ಗುಲಾಮ್ ಯಜ್ದಾನಿ ಎಂಬ ಅಧಿಕಾರಿ ಇದ್ದರು. ಅವರು ಬಿದ್ದ ರಾಶಿ ತೆಗೆಸಿ, ಮುಚ್ಚಿಹೋಗಿದ್ದ ಕಟ್ಟಡಗಳನ್ನು ಬೆಳಕಿಗೆ ತಂದರು. ಬೀದರದ ಬಗ್ಗೆ ದೊಡ್ಡ ಪುಸ್ತಕವನ್ನೇ ಬರೆದರು. ಅದು 1947 ರಲ್ಲಿ ಅಚ್ಚಾಯಿತು. ಇವತ್ತು ಯಾವ ಕಟ್ಟಡ ಆಗ ಹೇಗಿತ್ತು ಅಂತ ನೋಡಬೇಕಾದರೆ ಆ ಪುಸ್ತಕವೇ ಆಧಾರ.

ದುರಸ್ತಿ ಮಾತು ಬಂತು. "ನಾಲ್ಕು ಚೀಲ ಸಿಮೆಂಟ್ ಬಡಿದರೆ ಆಯ್ತಲ್ಲ" ಅಂತ ನಮ್ಮ ಕಾಕಾ ಒಬ್ಬರು ಹೋದ ವಾರ ಅಂದರು. ಇಲ್ಲ ಕಾಕಾ, ಆಗೋದಿಲ್ಲ. ಹಳೇ ಗೋಡೆ ಸುಣ್ಣದ ಗಾರೆಯದು. ಮಳೆಗಾಲದಲ್ಲಿ ನೀರು ಕುಡಿಯುತ್ತದೆ, ಬೇಸಿಗೆಯಲ್ಲಿ ಬಿಡುತ್ತದೆ. ಸಿಮೆಂಟ್ ಹಚ್ಚಿದರೆ ಒಳಗಿನ ನೀರು ಹೊರಗೆ ಬರುವುದಿಲ್ಲ. ಒಳಗೇ ಕೂತು ಕಲ್ಲನ್ನು ತಿನ್ನುತ್ತದೆ. ಸಿಮೆಂಟಿನಲ್ಲಿರುವ ಲವಣವೂ ಕಲ್ಲಿಗೆ ಇಳಿಯುತ್ತದೆ. ಮೇಲೆ ಚೆಂದ ಕಾಣುತ್ತದೆ, ಒಳಗೆ ಪುಡಿ ಆಗುತ್ತದೆ. ಅದಕ್ಕೇ ಸುಣ್ಣದ ಗಾರೆಯನ್ನೇ ಅರೆದು ಹಚ್ಚಬೇಕು. ನಿಧಾನದ ಕೆಲಸ, ಗಾರೆ ಕೆಲಸ ಬಲ್ಲ ಮೇಸ್ತ್ರಿಗಳು ಬೇಕು. ಇನ್ನೊಂದು ವೈರಿ ಅರಳಿ ಗಿಡ. ಹಕ್ಕಿ ಬೀಜ ಹಾಕುತ್ತದೆ. ಸಂದಿಯಲ್ಲಿ ಸಸಿ ಏಳುತ್ತದೆ. ದೇವರ ಗಿಡ ಅಂತ ಬಿಟ್ಟರೆ ಬೇರು ಗೋಡೆಯನ್ನೇ ಸೀಳುತ್ತದೆ. ಔರಂಗಜೇಬನ ತೋಪು ಮಾಡದ್ದನ್ನು ಒಂದು ಅರಳಿ ಸಸಿ ಮಾಡುತ್ತದೆ ನೋಡ್ರಿ. ಹಾಗಂತ ನಾವೇ ಹತ್ತಿ ಕೀಳಬಾರದು, ಬೇರಿನ ಜೊತೆ ಕಲ್ಲೂ ಬರುತ್ತದೆ. ಕಂಡದ್ದನ್ನು ಅಲ್ಲಿಯ ಸಿಬ್ಬಂದಿಗೆ ಹೇಳಬೇಕು.

ಈಗ ಸ್ವಲ್ಪ ಬಯ್ಯುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ಕೋಟೆಯ ಗೋಡೆ ತುಂಬ ಹೆಸರು ಕೊರೆದಿದ್ದಾರೆ. ಬಾಣ ಹಾಕಿದ ಎದೆಯ ಚಿತ್ರ ಬೇರೆ. ಇದನ್ನು ಮಾಡಿದವರು ಓದು ಬಾರದವರಲ್ಲ. ಓದು ಬಂದವರೇ! ನಾವು ಹಳ್ಳಿ ಹಳ್ಳಿಗೆ ಹೋಗಿ ಅಕ್ಷರ ಕಲಿಸುವುದು ಇದಕ್ಕಾ? ನಿಮ್ಮ ಹೆಸರು ಬರೆಯುವ ಆಸೆ ನಿಮಗಿದೆ, ಅದು ನನಗೆ ಗೊತ್ತು. ಹೊಸದಾಗಿ ಕಲಿತಾಗ ಕಂಡಲ್ಲೆಲ್ಲ ಬರೆಯಬೇಕು ಅನ್ನಿಸುತ್ತದೆ. ಪುಸ್ತಕದಲ್ಲಿ ಬರೆಯಿರಿ, ಬ್ಯಾಂಕಿನ ಚೀಟಿಯಲ್ಲಿ ಬರೆಯಿರಿ, ಗ್ರಾಮಸಭೆಯ ದಾಖಲೆಯಲ್ಲಿ ಬರೆಯಿರಿ. 600 ವರ್ಷದ ಗೋಡೆ ಮಾತ್ರ ಬಿಡಿ.

ಅಲ್ಲಿ ಬರೆದದ್ದನ್ನು ಓದುವುದು ಬೇರೆ ಮಾತು. ಹೋದ ವರ್ಷ ನಮ್ಮ ಕೇಂದ್ರದ ಒಬ್ಬ ಆಯಿಯನ್ನು ಕರೆದುಕೊಂಡು ಹೋಗಿದ್ದೆ. ಆಕೆ ಆಗಷ್ಟೇ ಕಾಗುಣಿತ ಮುಗಿಸಿದ್ದರು. ಬಾಗಿಲ ಮೇಲಿನ ಶಾಸನ ನೋಡಿ, "ಟೀಚರ್, ಇದು ಏನು ಬರೆದಾರ?" ಅಂತ ಕೇಳಿದರು. ಅದು ಪಾರಸಿ ಭಾಷೆ ಆಯಿ, ನನಗೂ ಓದಲು ಬರೋದಿಲ್ಲ ಅಂದೆ. ಆಯಿ ನಕ್ಕುಬಿಟ್ಟರು. "ಹಂಗಾದ್ರ ಇಲ್ಲಿ ನೀವೂ ನಾನೂ ಒಂದೇ ಕ್ಲಾಸು" ಅಂದರು. ಪಕ್ಕದಲ್ಲೇ ಇಲಾಖೆಯ ನೀಲಿ ಫಲಕ ಇತ್ತು, ಅದರಲ್ಲಿ ಕನ್ನಡವೂ ಇತ್ತು. ಅದನ್ನು ಮಾತ್ರ ಒಂದೊಂದೇ ಅಕ್ಷರ ಕೂಡಿಸಿ ಪೂರ್ತಿ ಓದಿ ಮುಗಿಸಿಯೇ ಮುಂದೆ ಬಂದರು.

ಆ ಫಲಕದಲ್ಲಿ ಇರುವುದು ಕಾನೂನು. ಅದನ್ನು ನೀವು ತಿಳಿದಿರಬೇಕು. ಬೀದರ ಕೋಟೆ ಕೇಂದ್ರ ಸರಕಾರದ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿದೆ. 1958 ರಲ್ಲಿ ಒಂದು ಕಾಯ್ದೆ ಆಯಿತು. 2010 ರಲ್ಲಿ ಅದನ್ನು ಬಿಗಿ ಮಾಡಿದರು. ಇಂಥ ಸ್ಮಾರಕವನ್ನು ಕೆಡಿಸಿದರೆ, ಕೊರೆದರೆ, ಅದರ ಕಲ್ಲು ಕಿತ್ತರೆ 2 ವರ್ಷದ ತನಕ ಸೆರೆಮನೆ, ಅಥವಾ 1 ಲಕ್ಷ ರೂಪಾಯಿ ತನಕ ದಂಡ, ಅಥವಾ ಎರಡೂ. ಸ್ಮಾರಕದ ಗಡಿಯಿಂದ 100 ಮೀಟರ್ ಒಳಗೆ ಹೊಸ ಕಟ್ಟಡ ಕಟ್ಟುವಂತಿಲ್ಲ. ಅದರ ಆಚೆ ಇನ್ನೂ 200 ಮೀಟರ್ ತನಕ ಕಟ್ಟಬೇಕಾದರೆ ಅನುಮತಿ ಪಡೆಯಬೇಕು.

ಕೋಟೆಯ ಮಗ್ಗುಲಲ್ಲೇ ಮನೆ ಇರುವವರು ಇಲ್ಲಿ ಇದ್ದೀರಿ. ಮಗನ ಮದುವೆ ಆಯಿತು, ಒಂದು ಕೋಣೆ ಏರಿಸಬೇಕು ಅಂದರೆ ಈ ಕಾನೂನು ಅಡ್ಡ ಬರುತ್ತದೆ. ಇದು ಕಷ್ಟವೇ. ಕೋಟೆ ಉಳಿಯಬೇಕು ಅಂತ ಭಾಷಣ ಮಾಡುವ ನನ್ನ ಮನೆ ಕೋಟೆಯ ಹತ್ತಿರ ಇಲ್ಲ, ನಿಮ್ಮದು ಇದೆ. ಅದಕ್ಕೇ ಒಂದು ಮಾತು ಗಟ್ಟಿಯಾಗಿ ಹೇಳುತ್ತೇನೆ. ಮೇಸ್ತ್ರಿ "ಏನೂ ಆಗೋದಿಲ್ಲ ಕಟ್ಟಿ" ಅಂದ ಅಂತ ಸಾಲ ಮಾಡಿ ಕಟ್ಟಬೇಡಿ. ಆಮೇಲೆ ನೋಟಿಸು ಬರುವುದು ಮೇಸ್ತ್ರಿಗೆ ಅಲ್ಲ. ಮೊದಲು ಲಿಖಿತ ಅರ್ಜಿ ಕೊಡಿ. ಹಳೇ ಮನೆಯ ದುರಸ್ತಿಗೆ ಅನುಮತಿ ಕೇಳಲು ಕಾಯ್ದೆಯಲ್ಲಿ ದಾರಿ ಇದೆ. ಅರ್ಜಿಯ ನಕಲು ಇಟ್ಟುಕೊಳ್ಳಿ. ಕೊಟ್ಟದ್ದಕ್ಕೆ ಸ್ವೀಕೃತಿ ಚೀಟಿ ಕೇಳಿ ಪಡೆಯಿರಿ. ಅರ್ಜಿ ಬರೆಯುವುದು ಹೇಗೆ ಅಂತ ಮುಂದಿನ ಬುಧವಾರ ಇಲ್ಲೇ ಕಲಿಯೋಣ. ಪೆನ್ನು ತನ್ನಿ.

ಹೊರಗಿನವರು ನಮ್ಮ ಬೀದರದ ಬೆಲೆ ಕಂಡಿದ್ದಾರೆ. ಜಗತ್ತಿನಲ್ಲಿ ಕಾಳಜಿ ಬೇಕಾದ ಹಳೇ ತಾಣಗಳ ಪಟ್ಟಿಯೊಂದನ್ನು ಸಂಸ್ಥೆಯೊಂದು ಮಾಡುತ್ತದೆ. 2014 ರಲ್ಲಿ ಆ ಪಟ್ಟಿಯಲ್ಲಿ ಬೀದರದ ಹೆಸರು ಬಂತು. ಅದೇ ವರ್ಷ ಯುನೆಸ್ಕೋದ ತಾತ್ಕಾಲಿಕ ಪಟ್ಟಿಗೆ ಕಲಬುರಗಿ, ಬೀದರ, ವಿಜಯಪುರ, ಹೈದರಾಬಾದಿನ ಸ್ಮಾರಕಗಳನ್ನು ಒಟ್ಟಾಗಿ ಸೇರಿಸಿದರು. ನೌಬಾದಿನಲ್ಲಿ ನೆಲದೊಳಗೆ ಹರಿಯುವ ಹಳೇ ನೀರಿನ ಕಾಲುವೆ ಇದೆ, ಕರೇಜ್ ಅಂತಾರೆ. ಅದರಲ್ಲಿ ತುಂಬಿದ್ದ ಹೂಳನ್ನೂ ತೆಗೆಸಿದರು. ನೀರಿನ ಬರ ಉಂಡ ನಮ್ಮ ಜಿಲ್ಲೆಯವರು ಅದನ್ನು ಒಮ್ಮೆ ನೋಡಲೇಬೇಕು. ಬಾವಿ ತೋಡಿದ ಹಾಗೆ ಸಾಲಾಗಿ ಕಿಂಡಿ ತೋಡಿ, ಕೆಳಗೆ ಒಂದರಿಂದ ಒಂದಕ್ಕೆ ಸುರಂಗ ಕೂಡಿಸಿದ್ದಾರೆ. ನೀರು ತಾನೇ ಇಳಿದು ಬರುವ ಹಾಗೆ ಇಳಿಜಾರು ಕೊಟ್ಟಿದ್ದಾರೆ. ಮೋಟರು ಇಲ್ಲ, ಕರೆಂಟು ಇಲ್ಲ. ಅದರ ಬಗ್ಗೆ ಇನ್ನೊಮ್ಮೆ ಮಾತಾಡೋಣ.

ಬರುವ ಭಾನುವಾರ ಕೇಂದ್ರದವರೆಲ್ಲ ಕೋಟೆಗೆ ಹೋಗೋಣ. ಬೆಳಿಗ್ಗೆ 8 ಗಂಟೆಗೆ ಇಲ್ಲಿ ಸೇರಿ. ಬಿಸಿಲು ಏರುವ ಮೊದಲೇ ರಂಗೀನ್ ಮಹಲ್ ನೋಡಿಬಿಡಬೇಕು. ಬೀಗ ಹಾಕಿದ್ದರೆ ಕಾವಲಿನವರನ್ನು ಕೇಳೋಣ. ರೊಟ್ಟಿ, ಪುಂಡಿಪಲ್ಯ, ನೀರು ಕಟ್ಟಿಕೊಂಡು ಬನ್ನಿ. ಪ್ಲಾಸ್ಟಿಕ್ ಚೀಲ ಬೇಡ, ಬಟ್ಟೆಯಲ್ಲಿ ಕಟ್ಟಿ. ಸಣ್ಣ ಮಕ್ಕಳನ್ನು ಕರೆತರುವವರು ಬುರುಜಿನ ಅಂಚಿಗೆ ಬಿಡಬೇಡಿ, ಅಲ್ಲಿ ತಡೆಗೋಡೆ ಎಲ್ಲ ಕಡೆ ಗಟ್ಟಿ ಇಲ್ಲ. ಪಾಟಿ ಬಳಪವನ್ನೂ ತನ್ನಿ. ಶರ್ಜಾ ದರವಾಜಾದ ಹತ್ತಿರ ಕೂತು, ಫಲಕದಲ್ಲಿ ಇರುವುದನ್ನು ಪಾಟಿಯ ಮೇಲೆ ಬರೆದುಕೊಳ್ಳೋಣ.